ಕಾಣದ ಕೂಸಿಗೊಂದು ಸೀಟು

ಸಾಕ್ಷಿ ಇಲ್ಲದ ಯಾವುದನ್ನೂ ನಂಬಬಾರದೆಂಬ ಚಟ ನನಗೆ ಚರ್ಚಾಸ್ಪರ್ಧೆಗಳಿಂದ ಅಂಟಿದ್ದು. ಇದರಿಂದ ನಾಲ್ಕಾರು ಕಪ್ ಗೆದ್ದಿದ್ದೇನೆ, ಅದಕ್ಕಿಂತ ಹೆಚ್ಚು ನೆಂಟರನ್ನು ಕಳೆದುಕೊಂಡಿದ್ದೇನೆ. ಹಸಿವಾಗಿದೆ ಎಂದಾಗ ಅದಕ್ಕೂ ಸಾಕ್ಷಿ ಕೊಡು ಎಂದು ಅವ್ವ ರೊಟ್ಟಿ ಕೊಡದೆ ಸತಾಯಿಸಿದ್ದೂ ಉಂಟು.

ಮೊನ್ನೆ ಕೊಪ್ಪಳದ ಕಾಲೇಜೊಂದರಲ್ಲಿ ಸ್ಪರ್ಧೆ. ವಿಷಯ: ಡಾರ್ಕ್ ಮ್ಯಾಟರ್ ಕಣಗಳ ಹುಡುಕಾಟ ಸಾರ್ಥಕವೇ? ನಾನು ವಿರೋಧದ ಕಡೆ. ನಕ್ಷತ್ರಗಳು ಸುತ್ತುವ ವೇಗ ನೋಡಿದರೆ ಕಾಣದ ಯಾವುದೋ ಭಾರ ಅವನ್ನು ಹಿಡಿದಿಟ್ಟಿರಲೇಬೇಕಂತೆ, ಅದೇ ಡಾರ್ಕ್ ಮ್ಯಾಟರ್. ಅದರ ಒಂದು ಕಣವಾದರೂ ಬಂದು ತಾಗೀತೆಂದು ವಿಜ್ಞಾನಿಗಳು ನೆಲದಾಳದಲ್ಲಿ ದ್ರವ ತುಂಬಿದ ತೊಟ್ಟಿ ಇಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಿದ್ದಾರೆ, ಇನ್ನೂ ಬಂದಿಲ್ಲ. ಬಾರದ ಬೀಗರಿಗೆ ಎಷ್ಟು ದಿನ ಎಲೆ ಹಾಕಿಡುವುದು ಎಂಬುದೇ ನನ್ನ ಬ್ರಹ್ಮಾಸ್ತ್ರ. ಭಾಷಣದ ಕೊನೆಯೊಂದು ಬಾಕಿಯಿತ್ತು. ಬಸ್ಸಿನಲ್ಲಿ ಕುಳಿತು ಬರೆದರಾಯಿತು ಎಂದುಕೊಂಡೆ.

ಕುಳಿತು ಎಂದರೆ ಸೀಟು ಬೇಕಲ್ಲ. ನಮ್ಮೂರು ಯಲಬುರ್ಗಾದಲ್ಲೇ ಬಸ್ಸು ತುಂಬಿತ್ತು. ಖಾಲಿಯಿದ್ದದ್ದು ಒಂದೇ ಸೀಟು. ಅದರ ಮೇಲೆ ಊರಿನ ಅರ್ಧ ಗಂಡಸರ ಹೆಗಲಲ್ಲಿರುವಂಥದೇ ಒಂದು ಕೆಂಪಂಚಿನ ಟುವಾಲು. ನಮ್ಮ ಕೂಸು ಬರುತ್ತದೆ, ಯಾರನ್ನೂ ಕೂರಿಸಬೇಡಿ ಎಂದು ಯಾರೋ ಕಿಟಕಿಯಿಂದ ಹಾಕಿ ಹೋದರೆಂದು ಪಕ್ಕದ ಸೀಟಿನ ಅಜ್ಜಿ ಹೇಳಿದಳು. ನಾನು ವಾದಕ್ಕಿಳಿದೆ. ಕೂಸಾದರೆ ತೊಡೆಯ ಮೇಲೆ ಕೂರುತ್ತದೆ, ಸೀಟೇಕೆ? ಎತ್ತಿಕೊಂಡವರೆಲ್ಲಿ? ಅಳುವಾದರೂ ಕೇಳಬೇಡವೇ? ಇಷ್ಟರಲ್ಲಿ ಬಸ್ಸೇ ಹೊರಟಿತು. ಅಜ್ಜಿ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಕಾಣಲಿಲ್ಲಂದ್ರ ಇಲ್ಲಂತೇನು? ಟುವಾಲ ಐತಂದ್ರ ಯಾರೋ ಅದಾರ."

ಬಸ್ಸು ಊರು ದಾಟುವಾಗ ಅಪ್ಪನ ಫೋನು ಬಂತು. ಅವರ ದನಿಗೆ ಸ್ಪೀಕರ್ ಬೇಕಿಲ್ಲ.

"ಏ ಕೂಸ, ಕುಂತೀಯೇನವ್ವಾ? ಆಫೀಸಿಗೆ ಹೋಗೂಮುಂದ ನನ್ನ ಟುವಾಲ ಹಾಕಿ ಬಂದೀನಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದ ಏನು ಆ ಕೂಸು? ಹಲ್ಲು ಭಾಳ ಜಲ್ದಿ ಬಂದಾವ" ಎಂದು ಟುವಾಲು ಸರಿಸಿ ಜಾಗ ಕೊಟ್ಟಳು.

ಸೀಟು ಸಿಕ್ಕಿತು, ಭಾಷಣದ ಕೊನೆ ಸಿಗಲಿಲ್ಲ. ಕಾಣದ್ದು ಇದೆಯೆನ್ನಲು ಸಾಕ್ಷಿ ಏನು ಎಂದು ವೇದಿಕೆಯಲ್ಲಿ ಗುಡುಗಬೇಕಾದಲ್ಲಿ ನನ್ನ ದನಿ ಯಾಕೋ ಮೆತ್ತಗಾಯಿತು, ಎರಡನೆಯ ಬಹುಮಾನಕ್ಕಿಳಿದೆ. ಸಂಜೆ ಮರಳುವ ಬಸ್ಸಿಗೂ ಅಷ್ಟೇ ನೂಕುನುಗ್ಗಲು. ಚೀಲದಿಂದ ಅಪ್ಪನ ಟುವಾಲು ತೆಗೆದು ಕಿಟಕಿಯಿಂದ ಒಳಗೆಸೆದೆ. ಒಳಗಿದ್ದವರೊಬ್ಬರು ಯಾರಿಗೆಂದು ಕೇಳಿದರು. ಬಾಗಿಲ ಕಡೆ ಓಡುತ್ತಲೇ ಹೇಳಿದೆ:

"ಕೂಸು ಬರ್ತೈತ್ರಿ."