ಗೇಟಿನ ಬುಡಕ್ಕೆ ನಿಂತ ಶಿವಪುತ್ರ ಮಾಸ್ತರ

"ಹೋತು! ಗೇಟು ಹರದ ಹೋತು!"

ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಶಿವಪುತ್ರ ಮಾಸ್ತರ ತಲೆಯ ಮೇಲೆ ಕೈ ಹೊತ್ತು ಹೀಗೆ ಕೂಗಿದ್ದೇ ತಪ್ಪಾಯಿತು. ಕಿಟಕಿ ತೆರೆದಿತ್ತು. ಕಿಟಕಿಯಾಚೆ ಎದುರುಮನೆಯ ರೇವಪ್ಪ ಕುರಿ ಹೊಡೆದುಕೊಂಡು ಹೊರಟಿದ್ದ. ಕುರಿಗಳು ಮುಂದೆ ಹೋದವು, ರೇವಪ್ಪ ನಿಂತ.

"ಯಾವ ಗೇಟೋ ಶಿವಪುತ್ರಾ?"

"ನಮ್ಮೂರ ಬ್ಯಾರೇಜಿಂದು ಕಾಕಾ. ಅಂದ್ರ ಖರೇ ಗೇಟಲ್ಲ, ಕಂಪ್ಯೂಟರಿನ್ಯಾಗ..."

ಮಾತಿನ ಎರಡನೆಯ ಅರ್ಧ ಕೇಳಲು ರೇವಪ್ಪ ಅಲ್ಲಿರಲಿಲ್ಲ. ಕುರಿಗಳನ್ನೂ ಹಿಂದೆ ಹಾಕಿ ಓಡುತ್ತಿದ್ದ.

ಓಡುವುದಕ್ಕೆ ಕಾರಣವೂ ಇತ್ತು. ಮುಧೋಳ ತಾಲ್ಲೂಕಿನ ಅತ್ತಿಹಾಳದಲ್ಲಿ ಊರು ಕೆಳಗೆ, ನೀರು ಮೇಲೆ. ಹಳ್ಳಕ್ಕೆ ಅಡ್ಡವಾಗಿ ಒಂದು ಸಣ್ಣ ಬ್ಯಾರೇಜು, ಅದಕ್ಕೆ ಕಬ್ಬಿಣದ ಗೇಟುಗಳು. ಆ ವರ್ಷ ಮಳೆ ಕೈಬಿಚ್ಚಿ ಸುರಿದು ನೀರು ಗೇಟಿನ ಕುತ್ತಿಗೆಗೆ ಬಂದು ನಿಂತಿತ್ತು. ಹಾದಿಯಲ್ಲಿ ಯಾರಾದರೂ ಜೋರಾಗಿ ಸೀನಿದರೂ ಊರಿನವರು ಒಮ್ಮೆ ಆ ಕಡೆ ತಿರುಗಿ ನೋಡುತ್ತಿದ್ದ ಕಾಲ ಅದು.

ಶಿವಪುತ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಪಿಎಚ್.ಡಿ.ಗೆ ಆರಿಸಿಕೊಂಡದ್ದು ಇದೇ ಗೇಟು. ನೀರು ತಳ್ಳಿದರೆ ಗೇಟು ಬಾಗುತ್ತದೆ. ಗೇಟು ಬಾಗಿದ್ದಕ್ಕೆ ನೀರಿನ ಓಟ ಬದಲಾಗುತ್ತದೆ. ಬದಲಾದ ನೀರು ಮತ್ತೆ ಬೇರೆ ರೀತಿ ತಳ್ಳುತ್ತದೆ. ಈ ಜಗ್ಗಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವನ ಕೆಲಸ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಕಂಪ್ಯೂಟರಿಗೆ ಗಾಳಿ ಹಾಕುತ್ತಿತ್ತು, ಅವನ ತಾಯಿ ಸಾವಿತ್ರೆವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಅವತ್ತು ತೆರೆಯ ಮೇಲೆ ಗೇಟು ಮೊದಲು ಸಣ್ಣಗೆ ನಡುಗಿತು. ಆಮೇಲೆ ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೆಟೆದು, ಕೆಂಪಗಾಗಿ, ಹರಿದೇಹೋಯಿತು. ತಾನು ಲೆಕ್ಕವನ್ನು ಒರಟಾಗಿ ಮಾಡಿರಬೇಕೆಂದು ಶಿವಪುತ್ರ, ಲೆಕ್ಕ ಒಂದು ಗಳಿಗೆಯಿಂದ ಮುಂದಿನ ಗಳಿಗೆಗೆ ಇಡುವ ಕಾಲದ ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡಿ ಓಡಿಸಿದ. ಗೇಟು ಇನ್ನೂ ಬೇಗ ಹರಿಯಿತು. ಮತ್ತೂ ಸಣ್ಣದು ಮಾಡಿದ. ನೀರು ಮುಟ್ಟುವ ಮೊದಲೇ ಹರಿದಂತೆ ಕಂಡಿತು. ಆಗಲೇ ಅವನ ಬಾಯಿಂದ ಆ ಕೂಗು ಹೊರಟದ್ದು. ಲೆಕ್ಕ ಸೂಕ್ಷ್ಮವಾದಷ್ಟೂ ಸತ್ಯಕ್ಕೆ ಹತ್ತಿರವಾಗುತ್ತದೆಂದು ಅವನೇ ಹುಡುಗರಿಗೆ ಪಾಠ ಹೇಳಿದ್ದ. ಹಾಗಾದರೆ ಸತ್ಯ ಇದೇ ಏನು?

ಇತ್ತ ರೇವಪ್ಪ ಸಾಬಣ್ಣನ ಚಹಾದಂಗಡಿ ಮುಟ್ಟಿ, "ಗೇಟು ಹರದೇತಂತ, ಮಾಸ್ತರ ಅಂದ" ಎಂದ. ಸಾಬಣ್ಣ ಅದನ್ನು ಚಹಾದ ಜೊತೆ ಗಿರಾಕಿಗಳಿಗೆ ಕೊಡುವಾಗ "ಒಂದು ಗೇಟು ಕೊಚ್ಚಿಕೊಂಡು ಹೋತಂತ" ಎಂದ. ಸುದ್ದಿ ಊರು ಸುತ್ತಿ ರೇವಪ್ಪನ ಬಳಿ ವಾಪಸು ಬಂದಾಗ ಎಲ್ಲ ಗೇಟುಗಳೂ ಹೋಗಿದ್ದವು. ತಾನೇ ಬಿಟ್ಟ ಸುದ್ದಿ ಮೇದು ಕೊಬ್ಬಿ ಬಂದದ್ದರಿಂದ ರೇವಪ್ಪನಿಗೆ ಗುರುತು ಹತ್ತಲಿಲ್ಲ. "ನಾ ಒಂದ ಅಂತ ತಿಳಕೊಂಡಿದ್ದೆ, ಎಲ್ಲಾನೂ ಹೋದವಂತಲ್ಲೋ ಸಾಬಣ್ಣಾ!" ಎಂದು ಅವನು ಎದೆ ಬಡಿದುಕೊಂಡ. ಅವನ ಮುಖ ನೋಡಿ ಸಾಬಣ್ಣ ಒಲೆಗೆ ನೀರು ಹೊಯ್ದ. ಸಾಬಣ್ಣನ ಒಲೆ ಆರಿದ್ದು ನೋಡಿ ಊರೇ ಎದ್ದಿತು.

ಕಬ್ಬು ಹೇರುವ ಟ್ರ್ಯಾಕ್ಟರುಗಳಿಗೆ ಮಂಚ, ಕೋಳಿ, ಹೊಲಿಗೆ ಮಷೀನು ಹೇರಿದರು. ರುಕ್ಮವ್ವ ಬಂಗಾರ ಮರೆತು ಬೀಸುಕಲ್ಲು ಹೊತ್ತುಕೊಂಡು ಗುಡ್ಡ ಹತ್ತಿದಳು. ಬೀರೇಶ್ವರ ಗುಡಿಯ ಸುತ್ತ ಕುರಿಗಳಿಗೂ ಮನುಷ್ಯರಿಗೂ ಜಾಗಕ್ಕೆ ಜಗಳ ಹತ್ತಿತು.

ಸಾವಿತ್ರೆವ್ವ ಒಳಗೆ ಬಂದು, "ಊರ ಖಾಲಿ ಆಗಾಕತ್ತೇತಿ, ನೀ ಇಲ್ಲಿ ಟೀವಿ ನೋಡಾಕತ್ತೀಯಲ್ಲೋ" ಎಂದಳು.

"ಯವ್ವಾ, ನೀನೂ ಗುಡ್ಡಕ್ಕ ಹೋಗು ಬೇ."

"ನಾ ಎಲ್ಲಿಗೂ ಹೋಗಂಗಿಲ್ಲ. ಒಲಿ ಮ್ಯಾಲ ಬ್ಯಾಳಿ ಐತಿ."

ಶಿವಪುತ್ರ ತನ್ನ ಗೈಡ್ ಆಗಿದ್ದ ಬೆಳಗಾವಿಯ ಶೀತಲ ಮೇಡಂಗೆ ಫೋನು ಹಚ್ಚಿದ. ಅವನ ಪಿಎಚ್.ಡಿ. ಅವರ ಕೈಯಲ್ಲಿತ್ತು. ಅವನು ಹೇಳಿದ್ದನ್ನೆಲ್ಲ ಕೇಳಿ ಅವರು ನಕ್ಕುಬಿಟ್ಟರು.

"ಹೆಜ್ಜಿ ಸಣ್ಣದು ಮಾಡಿದಷ್ಟು ಜಲ್ದಿ ಹರೀತೇನು? ಹಂಗಾದ್ರ ಗೇಟಿಗೆ ಏನೂ ಆಗಿಲ್ಲ, ನಿಮ್ಮ ಲೆಕ್ಕಕ್ಕ ಜ್ವರ ಬಂದದ. ಗೇಟು ತೆಳು, ನೀರು ಭಾರ. ನೀರಿನ ಪ್ರೋಗ್ರಾಂ ಒಂದು ಮಾತು ಹೇಳ್ತದ, ಕಬ್ಬಿಣದ ಪ್ರೋಗ್ರಾಂ ಅದನ್ನ ಪೂರಾ ನಂಬಿ ದೊಡ್ಡದು ಮಾಡಿ ತಿರುಗಿ ಹೇಳ್ತದ. ನೀವು ಇಬ್ಬರ ಮಾತು ಮುಗಿಯೂದ್ರಾಗ ಮುಂದಿನ ಹೆಜ್ಜಿ ಇಡ್ತೀರಿ. ಜಗಳ ಬೆಳೀದ ಏನು ಮಾಡ್ತದ?"

"ಮತ್ತ ಏನ ಮಾಡಲ್ರಿ ಮೇಡಂ?"

"ಇಬ್ಬರನ್ನೂ ಅಲ್ಲೇ ಕೂಡಸರಿ. ಯಾರ ಮಾತನ್ನೂ ಪೂರಾ ತಗೋಬ್ಯಾಡ್ರಿ, ಅರ್ಧ ತಗೋರಿ. ಇಬ್ಬರೂ ಒಪ್ಪೂ ತನಕ ಗಡಿಯಾರ ಮುಂದ ಬಿಡಬ್ಯಾಡ್ರಿ."

ಶಿವಪುತ್ರನಿಗೆ ಜೀವ ಬಂದಂತಾಯಿತು. ಮೇಡಂ ಹೇಳಿದಂತೆ ಪ್ರೋಗ್ರಾಂ ತಿದ್ದಿ ಹೊಸದಾಗಿ ಓಡಿಸಿದ. ಉತ್ತರ ಬರಲು ಸಂಜೆಯಾಗುತ್ತಿತ್ತು. ಅಷ್ಟರಲ್ಲಿ ಬಾಗಿಲಿಗೆ ಪಂಚಾಯತಿ ಅಧ್ಯಕ್ಷ ಗಿರಿಮಲ್ಲಪ್ಪ, ಅವನ ಹಿಂದೆ ಗುಡ್ಡದಿಂದ ಇಳಿದ ಅರ್ಧ ಊರು.

"ಗೇಟ ಛಲೋ ಐತ್ರೀ ಯಜಮಾನ್ರ! ನನ್ನ ಲೆಕ್ಕ ತಪ್ಪಿತ್ತು" ಎಂದು ಶಿವಪುತ್ರ ನಗುತ್ತ ಹೊರಗೆ ಬಂದ. ಯಾರೂ ನಗಲಿಲ್ಲ.

ಅವನು ಮೇಡಂ ಹೇಳಿದ ಉಪಾಯವನ್ನೇ ಇಲ್ಲೂ ಹೂಡಿದ. ರೇವಪ್ಪನನ್ನೂ ಸಾಬಣ್ಣನನ್ನೂ ಎದುರುಬದುರು ಕೂಡಿಸಿ, ಯಾರು ಯಾರಿಗೆ ಏನೆಂದರೆಂದು ಕೇಳುತ್ತ ಹಿಂದೆ ಹೋದ. ಎಲ್ಲ ಗೇಟುಗಳು ಒಂದು ಗೇಟಾದವು, ಕೊಚ್ಚಿಹೋದ ಗೇಟು ಬರೀ ಹರಿದ ಗೇಟಾಯಿತು, ಕೊನೆಗೆ ಉಳಿದದ್ದು ಒಂದು ಕಿಟಕಿ, ಒಂದು ಕೂಗು.

"ಅಂದ್ರ ಮೂಲದಾಗ ಒದರಿದಾವ ನೀನ ಅಲ್ಲೇನು?" ಎಂದ ಗಿರಿಮಲ್ಲಪ್ಪ.

"ಹೌದ್ರಿ. ಆದ್ರ..."

"ಮುಂಜಾನಿ ಹರೀತಂದಿ, ಈಗ ಛಲೋ ಐತಿ ಅಂತಿ. ಯಾವದನ್ನ ನಂಬಬೇಕಪಾ? ಒಂದ ಕೆಲಸ ಮಾಡು. ನಿನಗ ಅಷ್ಟು ನಂಬಿಕಿ ಇದ್ರ ಗೇಟಿನ ಬುಡಕ್ಕ ಹೋಗಿ ನಿಂದರು. ಹೊತ್ತು ಮುಳುಗೂ ತನಕ ನೀ ನಿಂತಿದ್ರ ಮಂದಿ ಮನಿಗೆ ಬರ್ತಾರ."

ಗುಂಪಿನಲ್ಲಿ "ಬರೋಬರಿ, ಬರೋಬರಿ" ಎಂಬ ಮಾತು ಎದ್ದಿತು. ಇಲ್ಲವೆನ್ನಲು ಶಿವಪುತ್ರನಿಗೆ ದಾರಿಯೇ ಉಳಿಯಲಿಲ್ಲ.

ಬ್ಯಾರೇಜಿನ ಕೆಳಬದಿಯ ಕಾಂಕ್ರೀಟಿನ ಮೇಲೆ ಅವನನ್ನು ಇಳಿಸಿ ಊರು ದಂಡೆಯ ಮೇಲೆ ಕುಳಿತಿತು. ಬೆನ್ನ ಹಿಂದೆ ತಲೆಯೆತ್ತರದ ಕಬ್ಬಿಣ, ಕಬ್ಬಿಣದ ಹಿಂದೆ ಹಳ್ಳಕ್ಕೆ ಹಳ್ಳವೇ. ಗೇಟಿನ ಸಂದಿಯಿಂದ ಚಿಮ್ಮಿದ ನೀರು ಅವನ ಅಂಗಿಯ ಕಾಲರಿನೊಳಗೆ ಸರಿಯಾಗಿ ಗುರಿಯಿಟ್ಟು ಬೀಳುತ್ತಿತ್ತು. ಮೇಡಂ ಮಾತಿನ ಮೇಲೆ ಅವನಿಗೆ ಪೂರ್ತಿ ನಂಬಿಕೆಯಿತ್ತು. ಆದರೂ ಗೇಟು ಗುಂಯ್ ಎಂದು ಗುನುಗಿದಾಗಲೆಲ್ಲ ಅವನ ಕಣ್ಣೆದುರು ಹಪ್ಪಳ ಸೆಟೆಯುತ್ತಿತ್ತು.

"ಮಾಸ್ತರ, ಚಾ ಕಳಸ್ಲೇನ್ರಿ?" ದಂಡೆಯಿಂದ ಸಾಬಣ್ಣ ಕೂಗಿದ.

"ನೀವ ತಗೊಂಡು ಬರ್ರಿ!"

"ಅಲ್ಲಿಗೇನ್ರಿ?" ಎಂದ ಸಾಬಣ್ಣ ಮತ್ತೆ ಆ ಮಾತು ಎತ್ತಲಿಲ್ಲ.

ಬಿಸಿಲು ಬಾಗಿತು. ತಡೆಯಲಾರದೆ ಶಿವಪುತ್ರ ಒದ್ದೆ ಜೇಬಿನಿಂದ ಮೊಬೈಲು ತೆಗೆದು ಮನೆಗೆ ಫೋನು ಮಾಡಿದ.

"ಯವ್ವಾ, ಕಂಪ್ಯೂಟರ್ ನೋಡು. ಏನ ಕಾಣಸ್ತೇತಿ?"

"ನಿನ್ನ ಗೇಟು ಕಾಣಸ್ತೇತಿ."

"ಕೆಂಪಗ ಐತೇನು ಬೇ?"

"ಇಲ್ಲಪಾ. ನೀಲಿ ಐತಿ, ನನ್ನ ಇಲಕಲ್ ಸೀರಿಗತೆ."

"ಸೊಟ್ಟ ಆಗೇತೇನು? ಛಂದಂಗ ನೋಡು."

"ನೆಟ್ಟಗ ನಿಂತೇತಿ. ನಿನ್ನ ದನಿಗತೆ ನಡಗವಲ್ದು. ಮುಗೀತು ಅಂತ ಕೆಳಗ ಏನೋ ಇಂಗ್ಲೀಷಿನ್ಯಾಗ ಬರದೇತಿ, ಅದರ ಮುಂದ ಹಲ್ಲಿ ಕುಂತೇತಿ. ಹೊಡೀಲೇನು?"

"ಬ್ಯಾಡ! ಏನೂ ಮುಟ್ಟಬ್ಯಾಡ!" ಎಂದವನೇ ಶಿವಪುತ್ರ ಗೇಟಿಗೆ ಬೆನ್ನು ಆನಿಸಿ ಜೋರಾಗಿ ನಕ್ಕ. ಬೆಳಗಿನಿಂದ ಎದೆಯಲ್ಲಿ ಕಟ್ಟಿ ನಿಂತಿದ್ದದ್ದೆಲ್ಲ ಸರಸರನೆ ಹರಿದು ಹೋಯಿತು. ಕಾಲರಿನೊಳಗೆ ಬೀಳುತ್ತಿದ್ದ ತಣ್ಣೀರು ಕೂಡ ಹಿತವಾಯಿತು. ಲೆಕ್ಕ ಸರಿಹೋಗಿತ್ತು, ಗೇಟು ಭದ್ರವಾಗಿತ್ತು, ಪಿಎಚ್.ಡಿ. ಉಳಿಯಿತು, ತಾನೂ ಉಳಿದೆ!

ಹೊತ್ತು ಮುಳುಗಿತು. ಊರಿನವರು ಇಳಿದು ಬಂದು ಅವನನ್ನು ಹೆಗಲ ಮೇಲೆ ಹೊತ್ತು ದಂಡೆಗೆ ತಂದರು. ಟ್ರ್ಯಾಕ್ಟರುಗಳು ಊರ ಕಡೆ ತಿರುಗಿದವು. ರುಕ್ಮವ್ವ ಬೀಸುಕಲ್ಲನ್ನು ಇನ್ನೊಬ್ಬರ ಟ್ರೇಲರಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿದಳು. ಸಾಬಣ್ಣ ಒಲೆ ಹಚ್ಚಿ ಎಲ್ಲರಿಗೂ ಪುಕ್ಕಟೆ ಚಹಾ ಕಾಸಿದ.

ಇದೇ ಸಮಯವೆಂದು ಶಿವಪುತ್ರ ಗಂಟಲು ಸರಿಮಾಡಿಕೊಂಡ. "ಈಗರೆ ತಿಳೀತಿಲ್ರಿ? ಲೆಕ್ಕ ಸರಿಯಾಗಿ ಮಾಡಿದ್ರ ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ. ನೀರು, ಕಬ್ಬಿಣ, ಎರಡರ ಮಾತೂ ಕೂಡಿ..."

"ಕಂಪ್ಯೂಟರ್ ಒಗಿ ಅತ್ಲಾಗ," ಎಂದು ಗಿರಿಮಲ್ಲಪ್ಪ ಅವನ ಬೆನ್ನು ಚಪ್ಪರಿಸಿದ. "ನೀ ನಿಂತಿ, ಗೇಟು ನಿಂತಿತು. ಇದು ಖರೆ ಮಾತು."

ಅಷ್ಟರಲ್ಲಿ ಮೋಟರ್ ಸೈಕಲ್ಲಿನ ಮೇಲೆ ಪಕ್ಕದೂರಿನ ಪಂಚಾಯತಿಯ ದಶರಥ ಬಂದಿಳಿದ. ಅತ್ತಿಹಾಳದ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಶಿವಪುತ್ರನನ್ನು ನೋಡಿದವನೇ ಎರಡೂ ಕೈ ಮುಗಿದ.

"ಮಾಸ್ತರ, ನಮ್ಮೂರಾಗ ಹೊಸಾ ನೀರಿನ ಟಾಕಿ ಕಟ್ಯಾರ್ರಿ. ನಾಳಿಂದ ನೀರು ತುಂಬಸಾವ್ರು. ಒಳಗ ನೀರು ಹೊಯ್ದಾಡಿದ್ರ ಬೀಳತೇತಿ ಅಂತ ಮಂದಿ ಅಂಜಿ ಕುಂತಾರ."

ಶಿವಪುತ್ರನ ಕಿವಿ ನೆಟ್ಟಗಾಯಿತು. ಅಂತೂ ಒಬ್ಬ ಮನುಷ್ಯ ವಿಷಯ ಹಿಡಿದು ಬಂದಿದ್ದ! ಟಾಕಿಯೊಳಗೆ ಹೊಯ್ದಾಡುವ ನೀರು, ಅದಕ್ಕೆ ಅಲುಗುವ ಕಂಬ; ಇನ್ನೊಂದು ಅಧ್ಯಾಯವೇ ಆದೀತು.

"ಬರೋಬರಿ ಜಾಗಾಕ್ಕ ಬಂದೀರಿ ನೋಡ್ರಿ," ಎಂದ ಅವನು ಉಬ್ಬಿ. "ಅಳತಿ ಎಲ್ಲಾ ಕೊಡ್ರಿ. ಕಂಪ್ಯೂಟರಿಗೆ ಹಾಕಿ, ಎಷ್ಟು ಅಲಗತೇತಿ ಅಂತ ಲೆಕ್ಕ ಮಾಡಿ ಹೇಳ್ತೀನಿ."

ದಶರಥ ಗಾಬರಿಯಿಂದ ಹಿಂದೆ ಸರಿದ.

"ಲೆಕ್ಕ ಗಿಕ್ಕ ಬ್ಯಾಡ್ರಿ ಮಾಸ್ತರ, ಅದರಿಂದನ ಇಷ್ಟೆಲ್ಲಾ ಆಗೇತಿ. ಟಾಕಿ ತುಂಬೂ ತನಕ ನೀವು ಸುಮ್ಮನ ಕೆಳಗ ನಿಂತಬಿಟ್ರ ಸಾಕ್ರಿ."