ಬೆವರುವ ಪಿಕಪ್ಪು

ಹಳೆಯ ಪಿಕಪ್ ಗಾಡಿ ಕೊಂಡವನಿಗೆ ನಗುವುದಕ್ಕೆ ಬರಗಾಲವಿಲ್ಲ. ಮೊದಲು ಅಳುವುದನ್ನು ಮುಗಿಸಿಕೊಳ್ಳಬೇಕು, ಅಷ್ಟೆ. ನನ್ನದನ್ನೇ ಕೇಳಿ.

ಕೊಂಡದ್ದು

ರಾಮದುರ್ಗದ ಕಡೆ ಸಾಲಹಳ್ಳಿಗೆ ಗಾಡಿ ನೋಡಲು ಹೋದೆ. ಬಣ್ಣ ಚೆನ್ನಾಗಿತ್ತು, ಟಯರು ಚೆನ್ನಾಗಿದ್ದವು. ಬಗ್ಗಿ ನೋಡಿದರೆ ಇಂಜಿನ್ನಿನ ಅಡಿಯಲ್ಲಿ ಒಂದು ಹನಿ ಆಯಿಲ್ ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು.

"ಇದು ಸೋರಾಕ ಹತ್ತೇತಲ್ರಿ?" ಎಂದೆ.

ಮಾರುವವನಿಗೆ ನಿಜಕ್ಕೂ ಬೇಸರವಾಯಿತು. "ಸೋರೂದಲ್ರಿ ಸಾವಕಾರ್ರ, ಬೆವರೂದು. ದುಡಿಯೂ ಗಾಡಿ ಬೆವರತೈತಿ. ಬೆವರಲಾರದ್ದು ಬೇಕಂದ್ರ ಯಾವುದಾರ ಮೈಗಳ್ಳ ಗಾಡಿ ನೋಡ್ರಿ."

ಮೈಗಳ್ಳ ಗಾಡಿ ನನಗೆ ಬೇಕಿರಲಿಲ್ಲ. ಬೆವರುವುದನ್ನೇ ಬೈಲಹೊಂಗಲಕ್ಕೆ ಹೊಡೆದುಕೊಂಡು ಬಂದೆ.

ಹಾಸಿಗೆ

ನೇಸರಗಿಯ ಒಂದು ಹಾಲಿನ ಡೇರಿಗೆ ದಿನಾ ಕ್ಯಾನು ಸಾಗಿಸಲು ಗಾಡಿ ಬೇಕಿತ್ತು. ಆ ಕೆಲಸದ ಆಸೆಯಿಂದಲೇ ನಾನು ಗಾಡಿ ಕೊಂಡದ್ದು. ಮ್ಯಾನೇಜರ್ ಮೊದಲೇ ಹೇಳಿಬಿಟ್ಟರು: "ಹಾಲ ಇಳಸೂ ಜಾಗಾ ರೀ ಇದು. ಒಂದ ಹನಿ ಆಯಿಲ್ ಬಿದ್ರೂ ಒಳಗ ಬಿಡಂಗಿಲ್ಲ. ಸೋಮವಾರ ಗಾಡಿ ತೊಗೊಂಡ ಬರ್ರಿ, ನೋಡೂಣು."

ಗ್ಯಾರೇಜಿನ ಮಿಸ್ತ್ರಿ ಅಲ್ಲಿ ಇಲ್ಲಿ ಬೋಲ್ಟು ಬಿಗಿ ಮಾಡಿ, "ಸಂಜೀಕ ಗಾಡಿ ಕೆಳಗ ಒಂದ ರಟ್ಟ ಹಾಸ್ರಿ. ಮುಂಜಾನೆ ಎಷ್ಟ ಬಿದ್ದೈತಿ ನೋಡ್ರಿ" ಎಂದ. ಹಾಸಿದೆ. ಬೆಳಗ್ಗೆ ರಟ್ಟು ಸ್ವಚ್ಛ! ಎರಡನೆಯ ದಿನವೂ ಸ್ವಚ್ಛ, ಮೂರನೆಯ ದಿನವೂ. ಖುಷಿ ತಡೆಯಲಾರದೆ ಮ್ಯಾನೇಜರಿಗೆ ಫೋನು ಮಾಡಿ, "ಗಾಡಿ ಖಡಕ್ ಒಣಗೇತ್ರಿ" ಎಂದೆ.

ನಾಲ್ಕನೆಯ ದಿನ ಬೇಗ ಎಚ್ಚರವಾಯಿತು. ಹೊರಗೆ ಅಂಗಳ ಸಾರಿಸುತ್ತಿದ್ದ ಅವ್ವ, ಆಯಿಲ್ ಬಿದ್ದ ರಟ್ಟನ್ನು ಎಳೆದು ತಿಪ್ಪೆಗೆ ಒಗೆದು, ಹೊಸದೊಂದನ್ನು ಗಾಡಿಯ ಕೆಳಗೆ ತಳ್ಳುತ್ತಿದ್ದಳು.

"ಯವ್ವಾ, ಏನ್ ಮಾಡಾಕ ಹತ್ತೀ?"

"ಮನಿಗೆ ಬಂದ ಲಕ್ಷ್ಮಿ ಅದು. ದಿನಾ ಹಾಸಗಿ ಹೊಲಸ ಮಾಡ್ಕೋತೈತಿ, ಪಾಪ. ನೀ ಅಂತೂ ಬದಲಸಂಗಿಲ್ಲ."

ಹಣೆ

ಅಂದು ಶನಿವಾರ. ಮಿಸ್ತ್ರಿ ಡೀಸೆಲ್ ಹಾಕಿ ಇಂಜಿನ್ ತೊಳೆದು ತಲೆ ಕೆರೆದುಕೊಂಡ. "ಎಲ್ಲಿಂದ ಬರತೈತಿ ತಿಳೀವಲ್ದರಿ. ಇಂಜಿನ್ ಇಳಸಬೇಕು. ನಾಕ ದಿನಾ ಬೇಕು."

ನಾಲ್ಕು ದಿನವೆಂದರೆ ಡೇರಿಯ ಕೆಲಸ ಬೇರೆಯವರ ಪಾಲು. ಮನೆಗೆ ಬಂದು ಬಾನೆಟ್ ಎತ್ತಿಟ್ಟು, ಸಪ್ಪೆ ಮುಖ ಹಾಕಿಕೊಂಡು ಊಟಕ್ಕೆ ಕುಳಿತೆ. ಊಟ ಮುಗಿಸಿ ಬಂದರೆ ಇಂಜಿನ್ ಬೆಳ್ಳಗಾಗಿತ್ತು! ಅವ್ವ ವಿಭೂತಿ ಗಟ್ಟಿ ನೆನೆಸಿ, ಕೈಗೆ ಎಟುಕಿದಲ್ಲೆಲ್ಲ ಮೂರು ಬೆರಳು ಎಳೆದಿದ್ದಳು.

"ಇಷ್ಟ್ಯಾಕ ಹಚ್ಚಿದಿ?"

"ಅದರ ಹಣಿ ಯಾವುದಂತ ತಿಳೀಲಿಲ್ಲೋ. ಎಲ್ಲಾ ಕಡೆ ಹಚ್ಚಿಬಿಟ್ಟೆ."

ಮರುದಿನ ಇಂಜಿನ್ ಇಳಿಸಲು ಒಪ್ಪಿ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬಾನೆಟ್ ಎತ್ತಿ, ಬಗ್ಗಿ ನೋಡಿದ. ಬಿಳಿ ವಿಭೂತಿಯ ನಡುವೆ ಒಂದೇ ಒಂದು ಕರಿಗೆರೆ, ಮೇಲಿನ ಮುಚ್ಚಳದ ಅಂಚಿನಿಂದ ಹೊರಟು ಕೆಳಗಿನತನಕ ಇಳಿದಿತ್ತು. ಸೋರುತ್ತಿದ್ದುದು ಮೇಲೆ, ನಾವು ಹುಡುಕಿದ್ದು ಕೆಳಗೆ! ಮುಚ್ಚಳದ ಅಡಿಯ ರಬ್ಬರ್ ಪ್ಯಾಕಿಂಗ್ ಬದಲಿಸಲು ಒಂದು ತಾಸೂ ಹಿಡಿಯಲಿಲ್ಲ.

ಸೋಮವಾರ ಮ್ಯಾನೇಜರ್ ಗಾಡಿಯ ಕೆಳಗೆ ಪೇಪರ್ ಹಾಸಿ, ಚಹಾ ಕುಡಿದು ಬಂದು ನೋಡಿದರು. ಪೇಪರ್ ಒಣಗೇ ಇತ್ತು. "ನಾಳಿಂದ ಬರ್ರಿ" ಎಂದರು. ಅವ್ವನಿಗೆ ಹೇಳುವಾಗ ನನ್ನ ಕಣ್ಣು ತುಂಬಿ ಬಂದವು.

ಭಕ್ತ

ವಾರದ ಮೇಲೆ ಗ್ಯಾರೇಜಿನ ಮುಂದೆ ಹಾದುಹೋಗುತ್ತಿದ್ದೆ. ಕಿತ್ತೂರ ಕಡೆಯ ಒಂದು ಗಾಡಿ ಬಾನೆಟ್ ತೆರೆದು ನಿಂತಿತ್ತು. ಮಿಸ್ತ್ರಿ ಒಂದು ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು, ಇನ್ನೊಂದು ಕೈಯಿಂದ ಇಂಜಿನ್ನಿಗೆ ವಿಭೂತಿ ಬಳಿಯುತ್ತಿದ್ದ. ಸೋರುವ ಜಾಗ ಹುಡುಕುತ್ತಿದ್ದಾನೆಂದು ನನಗೆ ಗೊತ್ತು. ಗಾಡಿಯವನಿಗೆ ಏನು ಗೊತ್ತು? ಅವನು ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದ. ಮೆಲ್ಲಗೆ ಕೇಳಿದ:

"ಮಿಸ್ತ್ರಿ, ಕಾಯಿ ಈಗ ಒಡೀಲೇನ್ರಿ, ಇಲ್ಲಾ ಪ್ಯಾಕಿಂಗ್ ಹಾಕಿದ ಮ್ಯಾಲೇನು?"