ಅಯ್ಯೋ ಅಂದರೆ ಓಡಿಬರುವ ಬಂಟ

"ನೋಡು ಪದ್ದು, ಸೂಪರ್‌ಹೀರೋ ಯಾರು ಬೇಕಾದ್ರೂ ಆಗ್ಬಹುದು. ಆದ್ರೆ ಅವನ ಬಂಟ ಆಗೋದಿದೆಯಲ್ಲ, ಅದಕ್ಕೆ ಯೋಗ್ಯತೆ ಬೇಕು!" ಎನ್ನುತ್ತ ತ್ರಿಯಂಬಕಯ್ಯನವರು ತಮ್ಮ ಭಾಮೈದನ ತಲೆಯ ಮೇಲೆ ಅನ್ನ ಬಸಿಯುವ ತೂತಿನ ಪಾತ್ರೆಯನ್ನು ಬೋರಲು ಹಾಕಿ, ಗದ್ದದ ಕೆಳಗೆ ಲಾಡಿ ಬಿಗಿದರು.

ಪದ್ದು ಎಂದರೆ ಪದ್ಮನಾಭ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ, ಅಕ್ಕ-ಭಾವನ ಮನೆಯಲ್ಲಿ ವಾಸ. ಭಾವ ಯೋಗ್ಯತೆಯ ಮಾತೆತ್ತಿದ ದಿನ ಮನೆಯಲ್ಲಿ ಏನಾದರೊಂದು ಸುಟ್ಟುಹೋಗುತ್ತದೆ ಎಂಬುದು ಅವನ ಅನುಭವ. ದೋಸೆ ಮಗುಚುವ ಯಂತ್ರ ಮಾಡಿದಾಗ ಅಂಟಿಕೊಂಡ ದೋಸೆ ಇನ್ನೂ ಅಡುಗೆಮನೆಯ ಸೂರಿನಲ್ಲೇ ಇತ್ತು.

ಈ ಸಲದ ಗಡಿಬಿಡಿಗೆ ಕಾರಣ ಶಿಲ್ಪಶ್ರೀ ಬಡಾವಣೆಯ ವಾರ್ಷಿಕೋತ್ಸವ. ಮೈಸೂರಿನ ಅಂಚಿನ ಆ ಬಡಾವಣೆಯಲ್ಲಿ ಪ್ರತಿ ವರ್ಷ ಜೋಡಿ ವೇಷದ ಸ್ಪರ್ಧೆ ನಡೆಯುತ್ತದೆ, ಪ್ರತಿ ವರ್ಷ ತ್ರಿಯಂಬಕಯ್ಯನವರು ಸೋಲುತ್ತಾರೆ. ಹೋದ ವರ್ಷ ಅವರಿಬ್ಬರೂ ಸೇರಿ ಒಂದು ಎತ್ತಾಗಿದ್ದರು. ಎತ್ತಿನ ಮುಂದಿನ ಅರ್ಧ ಭಾವ, ಹಿಂದಿನ ಅರ್ಧ ಪದ್ದು. ಸಭಿಕರು ಚಪ್ಪಾಳೆ ತಟ್ಟಿದ್ದು ಪದ್ದುವಿಗೆ ಕೇಳಿಸಿತ್ತೇ ಹೊರತು ಕಂಡಿರಲಿಲ್ಲ.

ಈ ವರ್ಷ ಭಾವ 'ಸಿಡಿಲರಾಯ' ಎಂಬ ಸೂಪರ್‌ಹೀರೋ, ಪದ್ದು ಅವನ ಬಂಟ 'ಮಿಣುಕ'. ಅಕ್ಕ ಪಂಕಜಾಕ್ಷಿ ಕೈ ಬಿಗಿಹಿಡಿದು ಕೊಟ್ಟ ಹಣವೆಲ್ಲ ಸಿಡಿಲರಾಯನ ಹೊಳೆಯುವ ರೆಕ್ಸಿನ್ ಉಡುಪಿಗೂ ಅದರೊಳಗೆ ತುಂಬಿದ ಥರ್ಮಾಕೋಲ್ ಮಾಂಸಖಂಡಗಳಿಗೂ ಆಗಿಹೋಗಿತ್ತು. ಮಿಣುಕನ ಉಡುಪು ಹುಟ್ಟಿದ್ದು ಅಟ್ಟದಿಂದ. ಹಳೆಯ ರೇನ್‌ಕೋಟು, ಬೆನ್ನಿಗೆ ಕೆಟ್ಟ ವಾಷಿಂಗ್ ಮೆಷಿನ್ನಿನ ಮೋಟರು, ಬೂಟಿನಡಿ ಗಾಲಿಗಳು, ತೋಳಿನುದ್ದಕ್ಕೂ ಛತ್ರಿ ಕಡ್ಡಿ ಮತ್ತು ಸ್ಕೂಟರಿನ ಸ್ಪ್ರಿಂಗು. ಎದೆಯ ಮೇಲೊಂದು ಇಡ್ಲಿ ತಟ್ಟೆ, ಅದರ ಒಂದೊಂದು ಗುಳಿಯಲ್ಲೂ ಒಂದೊಂದು ಬ್ಯಾಟರಿ.

"ಇದು ಬರೀ ವೇಷ ಅಲ್ಲ ಕಣೋ," ಎಂದರು ಭಾವ ಹೆಮ್ಮೆಯಿಂದ. "ಯಾರಾದ್ರೂ ಕಷ್ಟದಲ್ಲಿ ಕೂಗಿದ್ರೆ ಇದಕ್ಕೆ ಕೇಳ್ಸುತ್ತೆ. ತಾನಾಗೇ ನಿನ್ನ ಓಡಿಸ್ಕೊಂಡು ಹೋಗುತ್ತೆ, ಅವರನ್ನ ಎತ್ಕೊಳ್ಳುತ್ತೆ, ಸುರಕ್ಷಿತ ಜಾಗಕ್ಕೆ ತಲುಪಿಸಿ ವಾಪಸ್ ಹೀರೋ ಹತ್ರ ಬರುತ್ತೆ. ದಾರಿ ತೋರ್ಸೋಕೆ ನನ್ನ ಹಳೇ ಮೊಬೈಲು."

"ಸುರಕ್ಷಿತ ಜಾಗ ಅಂದ್ರೆ ಯಾವ್ದು ಭಾವ?"

"ನಮ್ಮ ಹಾಲ್‌ನಲ್ಲಿರೋ ದಿವಾನ!"

"'ಕಾಪಾಡಿ' ಅಂತ ಕೂಗಿದ್ರೆ ಬರುತ್ತಾ?"

"ಲೋ, ಬಾವಿಗೆ ಬೀಳೋನು ಯಾವನಾದ್ರೂ 'ಕಾಪಾಡಿ' ಅಂತ ನಾಟಕದ ಮಾತಾಡ್ತಾನೇನೋ? 'ಅಯ್ಯೋ' ಅಂತಾನೆ! ಅದಕ್ಕೇ ನಾನು ಅಯ್ಯೋ ಅನ್ನೋ ಮಾತೊಂದನ್ನೇ ಇದಕ್ಕೆ ಕಲ್ಸಿದೀನಿ."

ಪದ್ದು ಬಾಗಿಲ ಕಡೆ ತಿರುಗಿದ. ಅಡುಗೆಮನೆಯಿಂದ ಅಕ್ಕ ಬರುವ ಸದ್ದು ಕೇಳಿಸುತ್ತಿತ್ತು. ಹಾಲು ಉಕ್ಕಿದರೂ ಅಯ್ಯೋ, ಉಕ್ಕದಿದ್ದರೂ ಅಯ್ಯೋ ಎನ್ನುವ ಹೆಂಗಸು ಆಕೆ. ಅವನು "ಭಾವ, ಒಂದ್ನಿಮಿಷ..." ಎನ್ನುವಷ್ಟರಲ್ಲಿ ತ್ರಿಯಂಬಕಯ್ಯನವರು ತಮ್ಮ ಸೊಂಟದ ಬೆಲ್ಟಿನ ಕೆಂಪು ಗುಂಡಿ ಒತ್ತಿಯೇಬಿಟ್ಟರು.

"ಅಯ್ಯೋ, ನನ್ನ ಇಡ್ಲಿ ತಟ್ಟೆ!" ಎಂದಳು ಅಕ್ಕ.

ಮೋಟರು ಗುರ್ರ್ ಎಂದಿತು. ಪದ್ದು ತನ್ನ ಕಾಲುಗಳ ಹಿಂದೆ ತಾನೇ ಜಾರಿಕೊಂಡು ಹೋಗಿ ಅಕ್ಕನನ್ನು ಅನಾಮತ್ತಾಗಿ ಎತ್ತಿ, ದಿವಾನದ ಮೇಲೆ ಮೆತ್ತಗೆ ಕೂರಿಸಿದ.

"ಅಯ್ಯೋ, ಏನೋ ನಿಂಗೆ ಬಂದಿರೋದು!"

ಮತ್ತೆ ಎತ್ತಿದ. ಮತ್ತೆ ಅಲ್ಲೇ ಕೂರಿಸಿದ.

"ಅಯ್ಯೋ, ಬಿಡೋ!"

ಎತ್ತಿದ, ಕೂರಿಸಿದ.

"ಅಕ್ಕಾ, ದಮ್ಮಯ್ಯ, ಬಾಯಿ ಮುಚ್ಕೋ!" ಎಂದು ಪದ್ದು ಅಂಗಲಾಚಿದ. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ ಮೇಲೆ ಭಾವ ನಿಧಾನವಾಗಿ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರು.

"ನೋಡಿದ್ಯಾ ಪಂಕಜಾ, ಎಷ್ಟು ನಾಜೂಕು!"

"ನಾಜೂಕಂತೆ! ಅದರ ಕಿವಿಗೆ ಏನ್ರೀ ಹಾಕಿದೀರ?"

"ನಿಮ್ಮಪ್ಪನ ಕಿವಿ ಯಂತ್ರ."

"ನಮ್ಮಪ್ಪ ಇದ್ದಾಗ ಅದಕ್ಕೆ ಒಂದು ದಿನಾನೂ ಏನೂ ಕೇಳಿಸ್ಲಿಲ್ಲ. ಈಗ ಕೇಳಿಸ್ತಿದೆಯಾ? ನಾನಂತೂ ನಿಮ್ಮ ಸ್ಪರ್ಧೆಗೆ ಬರಲ್ಲಪ್ಪ. ಮನೇಲೇ ಉಪ್ಪಿಟ್ಟು ಮಾಡ್ಕೊಂಡು ಇರ್ತೀನಿ."

ಪದ್ದುವಿಗೂ ಮನೆಯಲ್ಲೇ ಇರುವ ಆಸೆ ಬಲವಾಗಿತ್ತು. ಆದರೆ ಈ ಸಲದ ತೀರ್ಪುಗಾರರು ಸಂಗೀತದ ಇಂದುಮತಿ ಟೀಚರ್ ಎಂದು ಯಾರೋ ಹೇಳಿದ್ದರು. ಹಿಂದಿನ ರಸ್ತೆಯ ಆ ಟೀಚರಿಗೆ ಅವನು ಪ್ರತಿದಿನ ಹಾಲಿನ ಬೂತಿನಲ್ಲಿ "ನಮಸ್ಕಾರ" ಅನ್ನುತ್ತಿದ್ದ. ಆಕೆ "ನಮಸ್ಕಾರ" ಅನ್ನುತ್ತಿದ್ದರು. ಅದರ ಮುಂದಿನ ಮಾತನ್ನು ಹುಡುಕುವುದರಲ್ಲಿ ವರ್ಷಗಳೇ ಕಳೆದಿದ್ದವು. ತೂತಿನ ಪಾತ್ರೆ ತಲೆಯ ಮೇಲಿಟ್ಟುಕೊಂಡು ಆಕೆಯ ಮುಂದೆ ನಿಲ್ಲುವುದು ಅವನಿಗೆ ಸಾವಿಗೆ ಸಮಾನ. ಆದರೆ ಇನ್ನೊಬ್ಬರ ಎತ್ತಿನ ಹಿಂಭಾಗವಾಗಿ ಕಾಣದೆ ಹೋಗುವುದಕ್ಕಿಂತ, ಪಾತ್ರೆ ಹೊತ್ತಾದರೂ ಕಾಣಿಸಿಕೊಳ್ಳುವುದು ವಾಸಿ ಅನ್ನಿಸಿತು. ಹೊರಟ.

ಸಮುದಾಯ ಭವನ ತುಂಬಿತ್ತು. ಕೃಷ್ಣ-ರುಕ್ಮಿಣಿಯಾಗಿ ಬಂದ ಎದುರುಮನೆ ದಂಪತಿಗಳಿಗೆ ಭಾರಿ ಚಪ್ಪಾಳೆ ಬಿತ್ತು. ಅದನ್ನು ಕೇಳಿ ಹೊಟ್ಟೆ ಉರಿಸಿಕೊಂಡ ಭಾವ ವೇದಿಕೆ ಹತ್ತುವ ಮೊದಲೇ ಕೆಂಪು ಗುಂಡಿ ಒತ್ತಿ, ಆಮೇಲೆ ಥರ್ಮಾಕೋಲ್ ತೋಳುಗಳನ್ನೂ ದಪ್ಪ ಕೈಗವಸನ್ನೂ ತೊಟ್ಟುಕೊಂಡರು.

"ಈಗ, ಸಿಡಿಲರಾಯ ಮತ್ತು ಬಂಟ ಮಿಣುಕ!" ಎಂದು ಮೈಕಿನಲ್ಲಿ ಕೂಗಿದ ಸಂಘದ ಅಧ್ಯಕ್ಷ ರಂಗಶೆಟ್ಟರು, ಪರದೆ ಸರಿದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪದ್ದು, ನೀವೇನ್ರೀ ಇದು!"

ಮುಂದಿನ ಕ್ಷಣ ಮೈಕು ಹಿಡಿದಿದ್ದ ಅಧ್ಯಕ್ಷರು ಪದ್ದುವಿನ ತೋಳುಗಳಲ್ಲಿದ್ದರು. ಯಂತ್ರ ಅವರನ್ನು ಹೊತ್ತು ಮೆಟ್ಟಿಲು ಇಳಿದು, ಭವನದ ಗೇಟು ದಾಟಿ, ಪಾರ್ಕಿನ ಮೂಲೆ ತಿರುಗಿ ಓಡಿತು. ಮೈಕಿನ ವಯರು ಅಷ್ಟು ದೂರ ಹಿಂಬಾಲಿಸಿ ಆಮೇಲೆ ಕಿತ್ತುಕೊಂಡಿತು.

"ಪದ್ದು, ಎಲ್ಲಿಗ್ರೀ ಕರ್ಕೊಂಡ್ ಹೋಗ್ತಿದೀರ?"

"ಸುರಕ್ಷಿತ ಜಾಗಕ್ಕೆ ಸಾರ್. ಕ್ಷಮಿಸಿ ಸಾರ್!"

ಮನೆಯ ಹಾಲ್‌ನಲ್ಲಿ ಅಕ್ಕ ಟಿ.ವಿ. ನೋಡುತ್ತಿದ್ದಳು. ಅಧ್ಯಕ್ಷರು ದಿವಾನದ ಮೇಲೆ ಬಂದು ಕುಳಿತದ್ದನ್ನು ಕಂಡು ಬಾಯಿಗೆ ಬಂದ ಅಯ್ಯೋವನ್ನು ಸೆರಗಿನಲ್ಲಿ ಅದುಮಿದಳು. "ಬನ್ನಿ ಸಾರ್, ಕೂತ್ಕೊಳ್ಳಿ... ಕೂತಿದೀರಲ್ಲ. ಉಪ್ಪಿಟ್ಟು ತಿಂತೀರಾ?"

ಯಂತ್ರ ಆಗಲೇ ಹಿಂದಿರುಗಿ ಓಡುತ್ತಿತ್ತು.

ಭವನದಲ್ಲಿ ಅಲ್ಲೋಲಕಲ್ಲೋಲ. "ಅಯ್ಯೋ, ಅಧ್ಯಕ್ಷರನ್ನ ಎತ್ಕೊಂಡು ಹೋದ್ರು!" ಎಂದ ಕೃಷ್ಣ. ಕೃಷ್ಣ ಹೋದ. "ಅಯ್ಯೋ, ನಮ್ಮನೆಯವ್ರು!" ಎಂದಳು ರುಕ್ಮಿಣಿ. ರುಕ್ಮಿಣಿಯೂ ಹೋದಳು. "ಅಯ್ಯೋ, ಒಡವೆ ಎಲ್ಲಾ ಅವಳ ಮೈಮೇಲಿದೆ!" ಎಂದ ರುಕ್ಮಿಣಿಯ ಅತ್ತೆಯನ್ನು ಯಂತ್ರ ಅವರ ಊರುಗೋಲಿನ ಸಮೇತ ಸಾಗಿಸಿತು.

"ಯಾರೂ ಆ ಮಾತು ಆಡ್ಬೇಡಿ!" ಎಂದು ವೇದಿಕೆಯಿಂದ ಭಾವ ಕೂಗಿದರು.

"ಯಾವ ಮಾತು?"

"ಅದೇ... ಅ..." ಎಂದು ಅವರು ನಾಲಿಗೆ ಕಚ್ಚಿಕೊಂಡರು.

ಗುಂಡಿ ಒತ್ತೋಣವೆಂದರೆ ಥರ್ಮಾಕೋಲ್ ಮಾಂಸಖಂಡಗಳು ಅವರ ಕೈಯನ್ನು ಸೊಂಟದ ತನಕ ಬಗ್ಗಲು ಬಿಡಲೊಲ್ಲವು. ಉಡುಪು ಬಿಚ್ಚೋಣವೆಂದರೆ ಜಿಪ್ಪು ಸಿಕ್ಕಿಕೊಂಡಿತ್ತು. ತಿಣುಕಾಡುವಾಗ ಕಾಲು ಜಾರಿ ಸಿಡಿಲರಾಯ ವೇದಿಕೆಯ ಮೇಲೆ ಅಂಗಾತ ಬಿದ್ದ. ಆಮೆಯನ್ನು ಬೆನ್ನ ಮೇಲೆ ಕೆಡವಿದರೆ ಹೇಗೋ ಹಾಗೆ ಕೈಕಾಲು ಆಡಿಸುತ್ತ "ಯಾರಾದ್ರೂ ನನ್ನ ಬೆಲ್ಟಿನ ಗುಂಡಿ ಒತ್ರಪ್ಪಾ!" ಎಂದು ಗೋಗರೆದ. ಗುಂಡಿ ಒತ್ತಲು ಕೆಲವರು ಬಂದರು. ಬಂದವರೆಲ್ಲ ಮೊದಲು ಮಾಡಿದ್ದು ಬಗ್ಗಿ ನೋಡಿ "ಅಯ್ಯೋ ಪಾಪ" ಅಂದದ್ದು! ಬಗ್ಗಿದವರನ್ನೆಲ್ಲ ಬಗ್ಗಿದ ಭಂಗಿಯಲ್ಲೇ ಪದ್ದು ಒಯ್ದ.

ಧಾರವಾಡದ ಕಡೆಯ ಒಬ್ಬ ಹೆಂಗಸು "ಯವ್ವಾ!" ಎಂದು ಕಿರುಚಿದರೂ ಯಂತ್ರ ಅತ್ತ ತಿರುಗಲಿಲ್ಲ. ನಿವೃತ್ತ ಕನ್ನಡ ಪಂಡಿತ ಶೇಷಗಿರಿ ಮೇಷ್ಟ್ರು ಎದ್ದು ನಿಂತು "ಅಕಟಕಟಾ!" ಎಂದರು. ಯಂತ್ರ ಅವರ ಮುಂದೆಯೇ ಹಾದುಹೋಯಿತು. "ಹಾ, ವಿಧಿಯೇ!" ಎಂದರು. ಊಹೂಂ.

"ಏನಯ್ಯ ತ್ರಿಯಂಬಕ, ನಿನ್ನ ಯಂತ್ರಕ್ಕೆ ಹಳಗನ್ನಡ ಬರೋದಿಲ್ವೇ?"

"ಇಲ್ಲ ಮೇಷ್ಟ್ರೇ, ಅದು ಬರೀ ಆಡುಮಾತು," ಎಂದು ಬಿದ್ದಲ್ಲಿಂದಲೇ ಭಾವ ಒಪ್ಪಿಕೊಂಡರು.

"ಅಯ್ಯೋ ಭಾಷೆಯ ಗತಿಯೇ!" ಎಂದು ಮೇಷ್ಟ್ರು ಮರುಗಿದ್ದೇ ತಡ, ಅವರಿಗೂ ಸವಾರಿ ಸಿಕ್ಕಿತು.

ಅಷ್ಟರಲ್ಲಿ ಯಾರಿಗೋ ಫೋನು ಬಂತು. ಪಂಕಜಾಕ್ಷಮ್ಮನ ಮನೆಯಲ್ಲಿ ಬಿಸಿಬಿಸಿ ಉಪ್ಪಿಟ್ಟು, ಮೇಲೆ ಗೋಡಂಬಿ, ಜೊತೆಗೆ ಕಾಫಿ! ಸುದ್ದಿ ಹಬ್ಬಿದ ಮೇಲೆ ಸಭೆಯ ಧಾಟಿಯೇ ಬದಲಾಯಿತು. ಮಂಡಿನೋವಿನವರು ಮೊದಲು ಎದ್ದರು. "ನಮ್ಮನ್ನೂ ಬಿಡಪ್ಪ ಪದ್ದು, ಅಯ್ಯೋ!" "ಸಾಲಲ್ಲಿ ಬನ್ರೀ, ನಾನು ಆಗ್ಲೇ ಅಯ್ಯೋ ಅಂದಿದೀನಿ!" "ನಿಮ್ಮದು ಸಣ್ಣ ಅಯ್ಯೋ, ಅದಕ್ಕೆ ಕೇಳಿಸ್ಲಿಲ್ಲ!" ಧಾರವಾಡದ ಹೆಂಗಸೂ "ಏನ್ ಭಾಷಾನೋ ಏನೋ, ತಗೋ, ಅಯ್ಯೋ!" ಎಂದು ರಾಜಿಯಾದರು.

ಪದ್ದುವಿಗೆ ತೋಳು ಬಿದ್ದುಹೋಗಿತ್ತು, ರೇನ್‌ಕೋಟಿನೊಳಗೆ ಬೆವರು ಹರಿಯುತ್ತಿತ್ತು. ಆದರೆ ಪ್ರತಿ ಸಲ ಭವನಕ್ಕೆ ಬಂದಾಗಲೂ ಅವನ ಕಣ್ಣು ತೀರ್ಪುಗಾರರ ಮೇಜಿನತ್ತ ಹೋಗುತ್ತಿತ್ತು. ಇಂದುಮತಿ ಟೀಚರ್ ಅಲ್ಲೇ ಕೂತಿದ್ದರು. ಅಧ್ಯಕ್ಷರು ಹೋದಾಗ "ಹೌದಾ" ಎಂದರು. ಕೃಷ್ಣ ಹೋದಾಗ "ಓಹೋ" ಎಂದರು. ಅಯ್ಯೋ ಎಂಬ ಮಾತೇ ಆಕೆಯ ಬಾಯಲ್ಲಿ ಬರಲಿಲ್ಲ. ಬಡಾವಣೆಯ ಅಷ್ಟೂ ಜನರನ್ನು ಎತ್ತಿ ಅಪ್ಪಿಕೊಂಡು ಓಡಿದ ತನ್ನ ಪಾಲಿಗೆ ಈ ಒಬ್ಬರು ಮಾತ್ರ ಇಲ್ಲವಲ್ಲ ಎಂದು ಅವನಿಗೆ ನಗೆಯೂ ಬಂತು, ಅಳುವೂ ಬಂತು.

ಕೊನೆಗೆ ಭವನ ಖಾಲಿಯಾಯಿತು. ಉಳಿದವರು ಅಂಗಾತ ಬಿದ್ದ ಸಿಡಿಲರಾಯ, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಮಿಣುಕ, ಮತ್ತು ಟೀಚರ್.

"ಟೀಚರ್, ನೀವೊಬ್ರೇ ದಿಕ್ಕು!" ಎಂದರು ಭಾವ. "ಬೆಲ್ಟಿನ ಕೆಂಪು ಗುಂಡಿ ಒತ್ತಿಬಿಡಿ. ಏನೂ ಮಾತಾಡ್ದೆ ಒತ್ತಿ!"

ಇಂದುಮತಿ ಸೀರೆಯ ನೆರಿಗೆ ಸರಿಮಾಡಿಕೊಂಡು ವೇದಿಕೆ ಹತ್ತಿದರು. ಬಗ್ಗಿದರು. ಬೆರಳು ಗುಂಡಿಯ ತನಕ ಹೋಯಿತು. ಆಗ ತಲೆಯೆತ್ತಿ ಪದ್ದುವನ್ನು ನೋಡಿದರು. ಪಾತ್ರೆ ಒಂದು ಕಿವಿಗೆ ವಾಲಿತ್ತು. ಮುಖ ಬಾಡಿತ್ತು. ಒಂದು ನಮಸ್ಕಾರ ಹೇಳುವ ಶಕ್ತಿಯೂ ಅವನಲ್ಲಿ ಉಳಿದಂತಿರಲಿಲ್ಲ. ಬೆರಳು ಹಿಂದಕ್ಕೆ ಬಂತು.

"ಅಯ್ಯೋ," ಎಂದರು ಇಂದುಮತಿ, ಮೆಲ್ಲಗೆ, ಶ್ರುತಿ ಸೇರಿಸಿ.

"ಟೀಚರ್!" ಎಂದು ಭಾವ ಚೀರಿದರು. ಯಂತ್ರ ಹೊರಟಾಗಿತ್ತು.

ಗೇಟು ದಾಟಿತು. ಪಾರ್ಕಿನ ಮೂಲೆಯಲ್ಲಿ ಮೋಟರು ಒಮ್ಮೆ ಕೆಮ್ಮಿತು, ನರಳಿತು, ನಿಂತಿತು. ಇಡ್ಲಿ ತಟ್ಟೆಯ ಬ್ಯಾಟರಿಗಳೆಲ್ಲ ಖಾಲಿ. ತೋಳಿನ ಸ್ಪ್ರಿಂಗುಗಳು ಮಾತ್ರ ಲಟಕ್ಕೆಂದು ಬಿಗಿದುಕೊಂಡವು. ಬಿಡಿಸಲು ನೋಡಿದ, ಆಗಲಿಲ್ಲ. ಸಂಜೆಯ ತಂಗಾಳಿಯಲ್ಲಿ, ರಸ್ತೆಯ ನಡುವೆ, ಟೀಚರನ್ನು ಎತ್ತಿಕೊಂಡು ಪದ್ದು ಗೊಂಬೆಯಂತೆ ನಿಂತ.

"ಭಾರ ಆಗ್ತಿದೀನಾ?" ಎಂದು ಇಂದುಮತಿ ಕೇಳಿದರು.

"ಇಲ್ಲ ಟೀಚರ್, ಎತ್ಕೊಂಡಿರೋದು ಸ್ಪ್ರಿಂಗು," ಎಂದ ಪದ್ದು. ಹೇಳಿದ ಮೇಲೆ, ಇಷ್ಟು ವರ್ಷ ಹುಡುಕಿ ಸಿಕ್ಕ ಮಾತು ಇದೇನಾ ಎಂದು ತನ್ನನ್ನೇ ಶಪಿಸಿಕೊಂಡ. ಮತ್ತೆ ಧೈರ್ಯ ತಂದುಕೊಂಡ. "ನೀವ್ಯಾಕೆ... ಆ ಮಾತು ಅಂದ್ರಿ?"

"ಎಲ್ರಿಗೂ ಉಪ್ಪಿಟ್ಟು ಸಿಗ್ತಿದೆಯಂತೆ. ನನಗೊಬ್ಬಳಿಗೇ ಇಲ್ವಲ್ಲ ಅಂತ," ಎಂದ ಆಕೆ ಮತ್ತೆ ಸೇರಿಸಿದರು: "ಆಮೇಲೆ, ಹಾಲಿನ ಬೂತಲ್ಲಿ ದಿನಾ ನಮಸ್ಕಾರ ಆದ್ಮೇಲೆ ನೀವು ಏನೋ ಹೇಳೋಕೆ ಬಾಯಿ ತೆರೀತೀರ. ಅಷ್ಟರಲ್ಲಿ ನನ್ನ ಸರದಿ ಬಂದ್ಬಿಡುತ್ತೆ. ಇವತ್ತು ಸರದಿ ಗಿರದಿ ಏನಿಲ್ಲ. ಹೇಳಿ."

ಪದ್ದು ಹೇಳಿದ. ಮೊದಲು ಹಾಲಿನ ವಿಷಯ, ಆಮೇಲೆ ಎತ್ತಿನ ವಿಷಯ, ಆಮೇಲೆ ಬೆಳಗ್ಗೆ ಆಕೆಯ ಮನೆಯಿಂದ ಕೇಳುವ ತಂಬೂರಿಯ ವಿಷಯ. ಹೇಳುತ್ತ ಹೇಳುತ್ತ ತಲೆಯ ಮೇಲೆ ಪಾತ್ರೆ ಇರುವುದೇ ಅವನಿಗೆ ಮರೆತುಹೋಯಿತು. ಎತ್ತಿನ ಕತೆಗೆ ಆಕೆ ಎಷ್ಟು ನಕ್ಕರೆಂದರೆ ಸ್ಪ್ರಿಂಗುಗಳೂ ಕುಲುಕಿದವು.

ಬಂಟ ಎಷ್ಟು ಹೊತ್ತಾದರೂ ಬರದಿದ್ದುದನ್ನು ಕಂಡು ಮನೆಯಲ್ಲಿದ್ದವರು ಹುಡುಕಿಕೊಂಡು ಬಂದರು. ಕಾಫಿ ಲೋಟದ ಸಮೇತ ಅಧ್ಯಕ್ಷರು, ಉಪ್ಪಿಟ್ಟಿನ ಸೌಟು ಹಿಡಿದ ಅಕ್ಕ, ಅವರ ಹಿಂದೆ ಇಡೀ ಬಡಾವಣೆ. ಅಷ್ಟೊತ್ತಿಗೆ ಭವನದ ಕಡೆಯಿಂದ ತರಕಾರಿಯ ತಳ್ಳುಗಾಡಿಯೊಂದು ಬಂತು. ಅದರ ಮೇಲೆ, ಎಲೆಕೋಸುಗಳ ನಡುವೆ ಅಂಗಾತ ಮಲಗಿ ಸಿಡಿಲರಾಯರು ದಯಮಾಡಿಸುತ್ತಿದ್ದರು.

"ಅಲುಗಾಡ್ಬೇಡಿ! ಎರಡು ದಾರಿ ಇದೆ!" ಎಂದು ಅವರು ಮಲಗಿದಲ್ಲಿಂದಲೇ ಆಜ್ಞಾಪಿಸಿದರು. "ಇಕ್ಕಳ ಹಾಕಿದ್ರೆ ಸ್ಪ್ರಿಂಗು ಈಗ್ಲೇ ಬಿಚ್ಚಿಕೊಳ್ಳುತ್ತೆ. ಇಲ್ಲಾಂದ್ರೆ ಬ್ಯಾಟರಿ ಚಾರ್ಜ್ ಮಾಡ್ಬೇಕು, ಅದಕ್ಕೆ ಎರಡು ಗಂಟೆ ಹಿಡಿಯುತ್ತೆ."

"ಚಾರ್ಜ್ ಮಾಡಿ," ಎಂದರು ಪದ್ದು ಮತ್ತು ಇಂದುಮತಿ ಒಟ್ಟಿಗೆ.

ಅಕ್ಕ ಸೌಟನ್ನು ಕೆಳಗಿಳಿಸಿ, ತಮ್ಮನನ್ನೊಮ್ಮೆ ಟೀಚರನ್ನೊಮ್ಮೆ ನೋಡಿ, "ನಿಮ್ಮಿಬ್ರಿಗೂ ಉಪ್ಪಿಟ್ಟು ಇಲ್ಲಿಗೇ ಕಳಿಸ್ತೀನಿ," ಎಂದು ಮನೆ ಕಡೆ ಹೊರಟಳು.

ತ್ರಿಯಂಬಕಯ್ಯನವರಿಗೆ ಮಾತ್ರ ಬೇರೆಯೇ ಚಿಂತೆ. ಎಲೆಕೋಸೊಂದನ್ನು ಪಕ್ಕಕ್ಕೆ ತಳ್ಳಿ ಕತ್ತು ಎತ್ತಿದರು.

"ಅದಿರ್ಲಿ ಟೀಚರ್, ಈ ವರ್ಷದ ಮೊದಲ್ನೇ ಬಹುಮಾನ ನಮ್ಮ ಜೋಡಿಗೇ ತಾನೆ?"

ಇಂದುಮತಿ ಪದ್ದುವಿನ ತೋಳಿನಲ್ಲಿ ಸ್ವಲ್ಪ ಆರಾಮಾಗಿ ಒರಗಿಕೊಂಡರು.

"ಇಲ್ಲ ಸಾರ್. ತೀರ್ಪುಗಾರರನ್ನ ಎತ್ಕೊಂಡು ಓಡೋದು ನಿಯಮಕ್ಕೆ ವಿರುದ್ಧ."